ಹಿತ್ತಲಲ್ಲಿ ಕಪ್ಪು ರಾಸ್ಪ್‌ಬೆರಿ: ಗುರುತಿಸುವುದು, ನೆಡುವುದು, ಕುಡಿ ಚಿವುಟುವುದು

ಅಮೆರಿಕದ ಒಹಾಯೊ, ಪೆನ್ಸಿಲ್ವೇನಿಯಾ, ಮಿಷಿಗನ್, ನ್ಯೂಯಾರ್ಕ್ ಕಡೆಯ ಬೇಲಿಸಾಲುಗಳಲ್ಲಿ, ಕಾಡಂಚಿನಲ್ಲಿ ಜೂನ್ ಕೊನೆಯ ಹೊತ್ತಿಗೆ ಮುಳ್ಳುಪೊದೆಗಳ ತುಂಬ ಸಣ್ಣ ಕಪ್ಪು ಹಣ್ಣು ಬಿಡುತ್ತವೆ. ನೋಡಿದವರಲ್ಲಿ ಬಹಳ ಮಂದಿ ಅದನ್ನು ಬ್ಲ್ಯಾಕ್‌ಬೆರಿ ಎಂದೇ ತಿಳಿಯುತ್ತಾರೆ. ಅಷ್ಟು ಬೇಗ ಹಣ್ಣಾಗಿದ್ದರೆ ಅದು ಕಪ್ಪು ರಾಸ್ಪ್‌ಬೆರಿ ಆಗಿರುವುದೇ ಹೆಚ್ಚು. ಸಸ್ಯಶಾಸ್ತ್ರದ ಹೆಸರು ರೂಬಸ್ ಆಕ್ಸಿಡೆಂಟಾಲಿಸ್, ಊರಿನವರ ಬಾಯಲ್ಲಿ ಬ್ಲ್ಯಾಕ್‌ಕ್ಯಾಪ್. ಉತ್ತರ ಅಮೆರಿಕದ ಪೂರ್ವಭಾಗವೇ ಇದರ ತವರು. ಒರೆಗಾನ್‌ನ ವಿಲಾಮೆಟ್ ಕಣಿವೆಯಲ್ಲಿ ಇದನ್ನು ಹೊಲಗಟ್ಟಲೆ ಬೆಳೆಯುತ್ತಾರೆ, ಆದರೆ ಆ ಹಣ್ಣಿನ ಬಹುಪಾಲು ಜಾಮ್‌ಗೆ, ರಸಕ್ಕೆ, ಬಣ್ಣಕ್ಕೆ ಹೋಗುತ್ತದೆ. ತಾಜಾ ಹಣ್ಣು ಅಂಗಡಿಯಲ್ಲಿ ಸಿಗುವುದು ಅಪರೂಪ, ಸಿಕ್ಕರೂ ಬೆಲೆ ಜಾಸ್ತಿ. ಹಾಗಾಗಿ ಅಮೆರಿಕದಲ್ಲಿ ಹಿತ್ತಲಿರುವ ನಮ್ಮ ಕನ್ನಡಿಗರು ಬೆಳೆದುಕೊಳ್ಳುವುದೇ ಮೇಲು.

ಗಿಡ ಗಟ್ಟಿ, ಬದುಕುವುದು ಕಷ್ಟವಲ್ಲ. ಆದರೂ ಮೂರನೆಯ ವರ್ಷಕ್ಕೆ ಎಷ್ಟೋ ಹಿತ್ತಲಲ್ಲಿ ಇದು ದಾಟಲಾಗದ ಮುಳ್ಳಿನ ಗುಡಾರವಾಗಿ, ಹಣ್ಣು ಮಾತ್ರ ಬೊಗಸೆಯಷ್ಟು ಬಿಟ್ಟಿರುತ್ತದೆ. ಕಾರಣ ಗೊಬ್ಬರವೂ ಅಲ್ಲ, ಮಣ್ಣೂ ಅಲ್ಲ: ಬೇಸಿಗೆಯಲ್ಲಿ ಕುಡಿ ಚಿವುಟದೆ ಬಿಟ್ಟದ್ದು. ಕೆಂಪು ರಾಸ್ಪ್‌ಬೆರಿಗೆ ಮಾಡುವ ಆರೈಕೆಯನ್ನೇ ಇದಕ್ಕೂ ಮಾಡಿದರೆ ಆಗುವುದು ಇದೇ.

ಹಣ್ಣು ನೋಡಿ ಅಲ್ಲ, ಕಾಂಡ ನೋಡಿ ಗುರುತಿಸಿ

ಹಣ್ಣು ಇರುವುದು ವರ್ಷಕ್ಕೆ ಮೂರ್ನಾಲ್ಕು ವಾರ. ಕಾಂಡ ವರ್ಷವಿಡೀ ಇರುತ್ತದೆ, ಮತ್ತು ಅದು ಸುಳ್ಳು ಹೇಳುವುದಿಲ್ಲ.

ಕಪ್ಪು ರಾಸ್ಪ್‌ಬೆರಿಯ ಕಾಂಡ ದುಂಡಗೆ, ನೇರಳೆ ಬಣ್ಣದ್ದು, ಮೇಲೆ ನೀಲಿಮಿಶ್ರಿತ ಬಿಳಿ ಮೇಣದ ಪುಡಿ. ಹೆಬ್ಬೆರಳಿಂದ ಉಜ್ಜಿದರೆ ಆ ಪುಡಿ ಅಳಿಸಿ ಒಳಗಿನ ಬಣ್ಣ ಕಾಣುತ್ತದೆ. ಚಳಿಗಾಲದಲ್ಲಿ ಎಲೆ ಉದುರಿದ ಮೇಲೆ ಈ ಬಿಳಿ ಛಾಯೆ ದೂರದಿಂದಲೇ ಎದ್ದು ಕಾಣುತ್ತದೆ. ಮುಳ್ಳುಗಳ ನಡುವೆ ಅಂತರವಿರುತ್ತದೆ, ಒಂದೊಂದೂ ಕೊಕ್ಕೆಯಂತೆ ಕೆಳಕ್ಕೆ ಬಾಗಿರುತ್ತದೆ. ಕಾಂಡ ಮೊದಲು ಮೇಲಕ್ಕೆದ್ದು ಆಮೇಲೆ ಕಮಾನಿನಂತೆ ಬಾಗಿ, ತುದಿ ನೆಲ ಮುಟ್ಟಿದಲ್ಲಿ ಬೇರು ಬಿಡುತ್ತದೆ. ಎಲೆಯಲ್ಲಿ ಮೂರು, ಕೆಲವೊಮ್ಮೆ ಐದು ಕಿರುಎಲೆಗಳು. ಎಲೆ ತಿರುಗಿಸಿ ನೋಡಿದರೆ ಅಡಿಭಾಗ ಬೆಳ್ಳಿಯ ಹಾಗೆ ಬೆಳ್ಳಗಿರುತ್ತದೆ. ಮೇ ತಿಂಗಳ ಕೊನೆ, ಜೂನ್ ಮೊದಲಲ್ಲಿ ಬಿಳಿ ಹೂ ಬಿಡುತ್ತದೆ. ಅದರ ಎಸಳು ಎಷ್ಟು ಚಿಕ್ಕದೆಂದರೆ ಹಿಂದಿನ ಹಸಿರು ಪುಷ್ಪಪತ್ರಗಳೇ ಉದ್ದವಾಗಿ ಕಾಣುತ್ತವೆ.

ಬ್ಲ್ಯಾಕ್‌ಬೆರಿಯ ಕಾಂಡಕ್ಕೆ ಏಣುಗಳಿರುತ್ತವೆ, ಅಡ್ಡಕ್ಕೆ ಕತ್ತರಿಸಿದರೆ ದುಂಡಗಿರುವುದಿಲ್ಲ. ಬಿಳಿ ಪುಡಿ ಇಲ್ಲ, ಮುಳ್ಳು ದಪ್ಪ, ಎಲೆಯ ಅಡಿಭಾಗ ಹಸಿರು, ಹೂವಿನ ಎಸಳು ದೊಡ್ಡದು. ಹಣ್ಣಾಗುವುದು ಜುಲೈ ನಡುವಿನಿಂದ ಆಗಸ್ಟ್‌ವರೆಗೆ. ಹಣ್ಣು ಕಿತ್ತು ನೋಡಿದರೆ ಅನುಮಾನ ಪೂರ್ತಿ ಹೋಗುತ್ತದೆ: ಬ್ಲ್ಯಾಕ್‌ಬೆರಿಯ ಒಳಗಿನ ಬಿಳಿ ದಿಂಡು ಹಣ್ಣಿನ ಜೊತೆಗೇ ಬರುತ್ತದೆ. ರಾಸ್ಪ್‌ಬೆರಿಯದು ಗಿಡದಲ್ಲೇ ಉಳಿದು, ಕೈಗೆ ಟೊಪ್ಪಿಯಂಥ ಟೊಳ್ಳು ಹಣ್ಣು ಬರುತ್ತದೆ.

ಕೆಂಪು ರಾಸ್ಪ್‌ಬೆರಿಯ ಜೊತೆಗಿನ ಗೊಂದಲ ಬೇರೆ ಬಗೆಯದು. ಕಪ್ಪು ರಾಸ್ಪ್‌ಬೆರಿಯ ಕಾಯಿ ಹಸಿರಿಂದ ಕೆಂಪಾಗಿ, ಆಮೇಲೆ ನೇರಳೆಗಪ್ಪಾಗುತ್ತದೆ. ಜೂನ್ ನಡುವಲ್ಲಿ ಪೊದೆ ತುಂಬ ಕೆಂಪು ಕಂಡು ಕೈ ಹಾಕಿದರೆ ಕಾಯಿ ಕದಲುವುದೇ ಇಲ್ಲ. ನಿಜವಾದ ಕೆಂಪು ರಾಸ್ಪ್‌ಬೆರಿಯ ಮುಳ್ಳು ಕೊಕ್ಕೆಯಲ್ಲ, ಸೂಜಿಯಂತೆ ನೇರ ಮತ್ತು ಒತ್ತೊತ್ತು. ಅದು ಬೇರಿನಿಂದಲೇ ಮರಿ ಎಬ್ಬಿಸಿ ಸಾಲಿನಾಚೆಗೆಲ್ಲ ಹಬ್ಬುತ್ತದೆ. ಕಪ್ಪು ರಾಸ್ಪ್‌ಬೆರಿ ಹಾಗೆ ಬೇರಿನಿಂದ ಹರಡುವುದಿಲ್ಲ, ಹೊಸ ಕಾಂಡಗಳೆಲ್ಲ ಒಂದೇ ಬುಡದಿಂದ ಏಳುತ್ತವೆ.

ಪೂರ್ವ ರಾಜ್ಯಗಳ ಕಾಡಂಚಿನಲ್ಲಿ ವೈನ್‌ಬೆರಿ ಎಂಬ ಇನ್ನೊಂದು ಗಿಡ ಸಿಗುತ್ತದೆ. ಕಾಂಡದ ಮೇಲೆಲ್ಲ ಕೆಂಪು ರೋಮ, ಹಣ್ಣು ಕೆಂಪಾಗೇ ಉಳಿಯುತ್ತದೆ, ಮುಟ್ಟಿದರೆ ಅಂಟು. ತಿನ್ನಬಹುದು, ರುಚಿಯೂ ಇದೆ. ಆದರೆ ಪೂರ್ವ ಏಷ್ಯಾದಿಂದ ಬಂದು ಇಲ್ಲಿನ ಕಾಡನ್ನು ಆಕ್ರಮಿಸುತ್ತಿರುವ ಗಿಡ ಅದು, ಹಿತ್ತಲಿಗೆ ತರಬೇಡಿ.

ಹಿಪ್ಪುನೇರಳೆ ಕೂಡ ಜೂನ್‌ನಲ್ಲೇ ಕಪ್ಪಾಗುತ್ತದೆ. ನಮ್ಮವರಿಗೆ ಅದು ಗೊತ್ತಿರುವ ಹಣ್ಣು: ಮರ, ಮುಳ್ಳಿಲ್ಲ, ಹಣ್ಣಿಗೆ ಹಸಿರು ತೊಟ್ಟು ಅಂಟಿಕೊಂಡೇ ಇರುತ್ತದೆ. ಮಕ್ಕಳಿಗೆ ಖಂಡಿತ ಹೇಳಿಕೊಡಬೇಕಾದದ್ದು ಪೋಕ್‌ವೀಡ್ ಬಗ್ಗೆ. ನೇರಳೆ ದಂಟಿನ ಮೇಲೆ ನುಣುಪಾದ ಗುಂಡು ಕಪ್ಪು ಹಣ್ಣುಗಳ ಉದ್ದ ಗೊನೆ ಅದು, ಗಿಡವೆಲ್ಲ ವಿಷ. ರಾಸ್ಪ್‌ಬೆರಿ ಸಣ್ಣ ಸಣ್ಣ ಮಣಿ ಕೂಡಿ ಆದ ಹಣ್ಣು, ಯಾವತ್ತೂ ಒಂದೇ ನುಣುಪು ಗುಂಡಾಗಿರುವುದಿಲ್ಲ. ಗುರುತು ಖಚಿತವಾಗದ ಯಾವ ಹಣ್ಣನ್ನೂ ಬಾಯಿಗೆ ಹಾಕಬೇಡಿ.

ಕಾಂಡದ ಎರಡು ವರ್ಷದ ಬಾಳು

ಬುಡ, ಬೇರು ಹಲವು ವರ್ಷ ಬದುಕುತ್ತವೆ. ಅದರಿಂದ ಏಳುವ ಒಂದೊಂದು ಕಾಂಡಕ್ಕೆ ಆಯುಷ್ಯ ಎರಡೇ ವರ್ಷ. ಮೊದಲ ಬೇಸಿಗೆಯಲ್ಲಿ ಎಲೆ ಹೊತ್ತು ಬೆಳೆಯುತ್ತದೆ, ಹೂವಿಲ್ಲ. ಚಳಿಗಾಲ ಕಳೆದು ಎರಡನೆಯ ಬೇಸಿಗೆಯಲ್ಲಿ ಹೂ ಬಿಟ್ಟು ಹಣ್ಣು ಕೊಟ್ಟು ಸಾಯುತ್ತದೆ. ಅಂದರೆ ಜೂನ್‌ನಲ್ಲಿ ಒಂದೇ ಬುಡದಲ್ಲಿ ಈ ವರ್ಷ ಹಣ್ಣು ಕೊಡುವ ಹಳೆ ಕಾಂಡವೂ ಮುಂದಿನ ವರ್ಷ ಕೊಡಬೇಕಾದ ಹೊಸ ಕಾಂಡವೂ ಒಟ್ಟಿಗೆ ನಿಂತಿರುತ್ತವೆ. ಕತ್ತರಿ ಹಿಡಿಯುವ ಮೊದಲು ಯಾವುದು ಯಾವುದೆಂದು ತಿಳಿಯಬೇಕು: ಹಳೆಯದಕ್ಕೆ ಕಂದು ತೊಗಟೆ, ಪಕ್ಕದ ಕವಲುಗಳಲ್ಲಿ ಹೂ ಹಣ್ಣು. ಹೊಸದು ಎಳೆಯದು, ದಪ್ಪ ಬಿಳಿ ಪುಡಿ ಮೆತ್ತಿಕೊಂಡಿರುತ್ತದೆ. ಪೊದೆ ಬೆಳೆಯಿತೆಂದು ಚಳಿಗಾಲದಲ್ಲಿ ಎಲ್ಲವನ್ನೂ ನೆಲಮಟ್ಟಕ್ಕೆ ಕತ್ತರಿಸಿದವರಿಗೆ ಆ ವರ್ಷ ಹಣ್ಣಿಲ್ಲ.

ಜಾಗ: ಬದನೆ, ಟೊಮೇಟೊ ಮಡಿ ಬೇಡ

ನಮ್ಮವರ ಹಿತ್ತಲಲ್ಲಿ ಒಳ್ಳೆಯ ಬಿಸಿಲು, ಒಳ್ಳೆಯ ಮಣ್ಣು ಇರುವ ಮಡಿ ಯಾವುದು ಎಂದರೆ ಸಾಮಾನ್ಯವಾಗಿ ಬದನೆ, ಟೊಮೇಟೊ, ಮೆಣಸಿನಕಾಯಿ ಹಾಕುವ ಮಡಿ. ಕಪ್ಪು ರಾಸ್ಪ್‌ಬೆರಿಗೆ ಅದೇ ಅತಿ ಕೆಟ್ಟ ಜಾಗ. ಈ ತರಕಾರಿಗಳ ಜೊತೆ ಮಣ್ಣಿನಲ್ಲಿ ವರ್ಟಿಸಿಲಿಯಂ ಎಂಬ ಸೊರಗು ರೋಗದ ಶಿಲೀಂಧ್ರ ಬೆಳೆದು ವರ್ಷಗಟ್ಟಲೆ ಉಳಿಯುತ್ತದೆ. ಆಲೂಗಡ್ಡೆ, ಸ್ಟ್ರಾಬೆರಿ ಬೆಳೆದ ಜಾಗವೂ ಹಾಗೆಯೇ. ರಾಸ್ಪ್‌ಬೆರಿಗಳಲ್ಲಿ ಕಪ್ಪಿಗೇ ಈ ರೋಗದ ಪೆಟ್ಟು ಜೋರು: ಬೇಸಿಗೆಯ ಸೆಕೆಗೆ ಕೆಳಗಿನ ಎಲೆ ಹಳದಿಯಾಗಿ, ಕಾಂಡಕ್ಕೆ ನೀಲಿ ಗೀರು ಬಿದ್ದು, ಒಂದೊಂದೇ ಕಾಂಡ ಬಾಡುತ್ತದೆ. ಔಷಧಿ ಇಲ್ಲ. ಕಡೇಪಕ್ಷ ನಾಲ್ಕು ವರ್ಷ ಈ ಬೆಳೆಗಳನ್ನು ಬೆಳೆಯದ ಜಾಗ ಆರಿಸಿ.

ದಿನಕ್ಕೆ ಆರರಿಂದ ಎಂಟು ತಾಸು ಬಿಸಿಲು ಬೇಕು. ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದು, ಒಂದೂವರೆ ಅಡಿಯಲ್ಲೇ ಇರುವುದರಿಂದ ನೀರು ನಿಂತರೆ ಕೊಳೆಯುತ್ತವೆ. ಪರೀಕ್ಷೆಗೆ ಒಂದಡಿ ಗುಂಡಿ ತೋಡಿ ನೀರು ತುಂಬಿಸಿ, ಇಂಗಿದ ಮೇಲೆ ಮತ್ತೊಮ್ಮೆ ತುಂಬಿಸಿ. ಎರಡನೆಯ ಸಲದ ನೀರು ಮೂರ್ನಾಲ್ಕು ತಾಸಾದರೂ ಇಂಗದಿದ್ದರೆ ಅಲ್ಲಿ 10ರಿಂದ 12 ಇಂಚು ಎತ್ತರದ ಮಡಿ ಕಟ್ಟಿಯೇ ನೆಡಬೇಕು. ಒಹಾಯೊದ ಜೇಡಿಮಣ್ಣಿನ ಹಿತ್ತಲುಗಳಿಗೆ ಇದು ಬಹುತೇಕ ಕಡ್ಡಾಯ. ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ) 5.8ರಿಂದ 6.5ರ ನಡುವೆ ಇರಲಿ. ನಿಮ್ಮ ಕೌಂಟಿಯ ಎಕ್ಸ್‌ಟೆನ್ಷನ್ (ಕೃಷಿ ಸಲಹಾ) ಕಚೇರಿಯನ್ನು ಕೇಳಿದರೆ ಮಣ್ಣುಪರೀಕ್ಷೆಗೆ ದಾರಿ ತೋರಿಸುತ್ತಾರೆ. ಸುಣ್ಣವನ್ನೋ ಗಂಧಕವನ್ನೋ ಸೇರಿಸಬೇಕಾದರೆ ನೆಡುವ ಹಿಂದಿನ ವರ್ಷವೇ ಸೇರಿಸಿ.

ಇನ್ನೊಂದು ಮಾತು: ಕೆಂಪು ರಾಸ್ಪ್‌ಬೆರಿ ಮತ್ತು ಕಾಡುಪೊದೆಗಳಿಂದ ದೂರವಿಡಿ. ಮೊಸಾಯಿಕ್ ನಂಜುರೋಗ ತಗುಲಿದರೂ ಕೆಂಪು ರಾಸ್ಪ್‌ಬೆರಿ ಮೇಲ್ನೋಟಕ್ಕೆ ಚೆನ್ನಾಗೇ ಇರಬಹುದು. ಗಿಡಹೇನು ಅದನ್ನು ಕಪ್ಪು ಗಿಡಕ್ಕೆ ದಾಟಿಸಿದರೆ ಗಿಡ ಕುಬ್ಜವಾಗಿ ಹಾಳಾಗುತ್ತದೆ. 300 ಅಡಿ ಅಂತರ ಒಳ್ಳೆಯದು. ಚಿಕ್ಕ ಹಿತ್ತಲಲ್ಲಿ ಅದು ಆಗದ ಮಾತು, ಹಾಗಾಗಿ ಎರಡರಲ್ಲಿ ಒಂದನ್ನೇ ಆರಿಸಿ. ಇದೇ ಕಾರಣಕ್ಕೆ ಕಾಡಿನಿಂದ ಗಿಡ ಕಿತ್ತು ತಂದು ನೆಡುವುದೂ ಬೇಡ. ನಂಜು ಇಲ್ಲವೆಂದು ಪರೀಕ್ಷಿಸಿದ ಗಿಡವನ್ನು ನರ್ಸರಿಯಿಂದಲೇ ಕೊಳ್ಳಿ.

ಯಾವ ತಳಿ

ಮೊದಲ ಸಲ ಬೆಳೆಯುವವರಿಗೆ ಜ್ಯುವೆಲ್. ನ್ಯೂಯಾರ್ಕ್‌ನ ಜಿನೀವಾ ಕೃಷಿ ಸಂಶೋಧನಾ ಕೇಂದ್ರ 1973ರಲ್ಲಿ ಬಿಡುಗಡೆ ಮಾಡಿದ ಈ ತಳಿ ಹಣ್ಣಿನ ಗಾತ್ರ, ಇಳುವರಿ, ರೋಗ ತಡೆಯುವ ಶಕ್ತಿ ಮೂರರಲ್ಲೂ ನಂಬಿಕೆಗೆ ಅರ್ಹ. ಅಲ್ಲಿಯದೇ 1934ರ ಬ್ರಿಸ್ಟಲ್ ರುಚಿಯಲ್ಲಿ ಬಹಳ ಚೆನ್ನ, ಆದರೆ ಅದಕ್ಕೆ ಆಂಥ್ರಾಕ್ನೋಸ್ ಎಂಬ ಕಾಂಡದ ಮಚ್ಚೆರೋಗ ಬೇಗ ತಗುಲುತ್ತದೆ. ಮ್ಯಾಕ್ ಬ್ಲ್ಯಾಕ್ ತಡವಾಗಿ ಹಣ್ಣಾಗುವುದರಿಂದ ಜ್ಯುವೆಲ್ ಜೊತೆ ಹಾಕಿದರೆ ಕೊಯ್ಲು ಒಂದೆರಡು ವಾರ ಉದ್ದವಾಗುತ್ತದೆ. ನಿವಾಟ್ ಎಂಬ ತಳಿ ಮೊದಲ ವರ್ಷದ ಕಾಂಡದಲ್ಲೂ ಬೇಸಿಗೆ ಕೊನೆಗೆ ಹಣ್ಣು ಕೊಡುತ್ತದೆ. ಆದರೆ ಆ ಹೊತ್ತಿಗೆ ಹಣ್ಣುನೊಣದ ಕಾಟ ಜೋರಾಗಿರುತ್ತದೆ ಎಂಬುದು ನೆನಪಿರಲಿ. ಹೂಗಳು ಸ್ವಂತ ಪರಾಗದಿಂದಲೇ ಕಾಯಿ ಕಟ್ಟುವುದರಿಂದ ಒಂದೇ ಗಿಡವಿದ್ದರೂ ಸಾಕು. ನಾಲ್ಕು ಜನರ ಮನೆಗೆ ನಾಲ್ಕರಿಂದ ಆರು ಗಿಡ ಹಾಕಿ.

ನೆಡುವ ಕ್ರಮ

ಮಣ್ಣು ಕೈಗೆ ಅಂಟದಷ್ಟು ಆರಿದ ಕೂಡಲೇ, ಅಂದರೆ ಏಪ್ರಿಲ್ ಸುಮಾರಿಗೆ, ಬರಿಬೇರಿನ (ಕುಂಡ, ಮಣ್ಣು ಇಲ್ಲದೆ ಬರುವ) ಗಿಡ ನೆಡಬಹುದು. ಕುಂಡದಲ್ಲಿ ಬಂದ ಅಂಗಾಂಶ ಕೃಷಿಯ ಎಳೆ ಗಿಡವಾದರೆ ಹಿಮ ಬೀಳುವ ಭಯ ಕಳೆಯುವವರೆಗೆ ಕಾಯಿರಿ. ಗಿಡದಿಂದ ಗಿಡಕ್ಕೆ 3 ಅಡಿ, ಸಾಲಿನಿಂದ ಸಾಲಿಗೆ 8 ಅಡಿ. ಎರಡು ಸಾಲು ಹಾಕುವವರು ಈ 8 ಅಡಿಯಲ್ಲಿ ಜಿಪುಣತನ ಮಾಡಬಾರದು, ಜುಲೈನಲ್ಲಿ ಕೊಕ್ಕೆಮುಳ್ಳಿನ ನಡುವೆ ನುಗ್ಗಿ ಹಣ್ಣು ಬಿಡಿಸಬೇಕಾದವರು ನೀವೇ.

ಬೇರನ್ನು ಒಂದೆರಡು ತಾಸು ನೀರಿನಲ್ಲಿಡಿ. ಬೇರು ಮಡಿಚದಷ್ಟು ಅಗಲದ ಗುಂಡಿಯಲ್ಲಿ ಹರಡಿ, ನರ್ಸರಿಯಲ್ಲಿದ್ದ ಆಳಕ್ಕೇ ಅಥವಾ ಒಂದಿಂಚು ಕೆಳಗೆ ಬರುವಂತೆ ಕೂರಿಸಿ, ಮಣ್ಣು ಅದುಮಿ ನೀರು ಹಾಕಿ. ಗುಂಡಿಯೊಳಗೆ ರಾಸಾಯನಿಕ ಗೊಬ್ಬರ ಹಾಕಬೇಡಿ, ಎಳೆ ಬೇರು ಸುಡುತ್ತದೆ. ಬರಿಬೇರಿನ ಗಿಡದಲ್ಲಿ ಹಳೆ ಕಾಂಡದ ಆರೇಳು ಇಂಚಿನ ತುಂಡೊಂದು ಹಿಡಿಯಂತೆ ಉಳಿದಿರುತ್ತದೆ. ಅದರಿಂದ ಗಿಡಕ್ಕೆ ಏನೂ ಉಪಯೋಗವಿಲ್ಲ, ಆಂಥ್ರಾಕ್ನೋಸ್ ಹಿತ್ತಲಿಗೆ ಬರುವುದು ಹೆಚ್ಚಾಗಿ ಅದರ ಮೇಲೆಯೇ. ನೆಟ್ಟ ಮೇಲೆ ಅದನ್ನು ನೆಲಮಟ್ಟಕ್ಕೆ ಕತ್ತರಿಸಿ ಕಸದ ಚೀಲಕ್ಕೆ ಹಾಕಿ.

ಮಳೆಯೂ ಸೇರಿ ವಾರಕ್ಕೆ ಒಂದರಿಂದ ಒಂದೂವರೆ ಇಂಚು ನೀರು ಬೇಕು. 3 ಅಡಿ ಉದ್ದ, 3 ಅಡಿ ಅಗಲದ ಜಾಗಕ್ಕೆ ಒಂದಿಂಚು ಎಂದರೆ ಸುಮಾರು 21 ಲೀಟರ್. ಬುಡಕ್ಕೆ ಹನಿ ನೀರಾವರಿ ಕೊಟ್ಟರೆ ಒಳ್ಳೆಯದು, ಮೇಲಿನಿಂದ ಸಿಂಪಡಿಸಿದರೆ ಎಲೆ, ಹಣ್ಣು ಒದ್ದೆಯಾಗಿ ಬೂಸು ಹಿಡಿಯುತ್ತದೆ. ಗೊಬ್ಬರ: ನೆಟ್ಟು ಆರು ವಾರಕ್ಕೆ 10-10-10 (ಸಾರಜನಕ, ರಂಜಕ, ಪೊಟ್ಯಾಷ್ ಸಮಪಾಲು) ಗೊಬ್ಬರ ಗಿಡಕ್ಕೆ 60 ಗ್ರಾಂ, ಕಾಂಡದಿಂದ ನಾಲ್ಕಿಂಚು ಬಿಟ್ಟು ಸುತ್ತ ಉದುರಿಸಿ. ಎರಡನೆಯ ವರ್ಷದಿಂದ ಮಾರ್ಚ್ ಕೊನೆಯಲ್ಲಿ 100ರಿಂದ 150 ಗ್ರಾಂ. ಜುಲೈ ನಂತರ ಏನೂ ಬೇಡ. ತಡವಾಗಿ ಕೊಟ್ಟ ಸಾರಜನಕದಿಂದ ಬಂದ ಎಳೆ ಚಿಗುರು ಚಳಿಗೆ ಸತ್ತುಹೋಗುತ್ತದೆ. ಮರದ ಚಕ್ಕೆ ಎರಡು ಮೂರು ಇಂಚು ಹೊದಿಸಿದರೆ ಕಳೆ ಕಡಿಮೆ, ಬುಡಕ್ಕೆ ಮಾತ್ರ ತಾಗಿಸಬೇಡಿ.

ಕುಡಿ ಚಿವುಟುವುದು, ಸವರುವುದು

ಮೊದಲನೆಯದು ಬೇಸಿಗೆಯ ಚಿವುಟು. ಹೊಸ ಕಾಂಡ 24ರಿಂದ 30 ಇಂಚು ಎತ್ತರಕ್ಕೆ ಬಂದಾಗ (ತಂತಿಯ ಆಸರೆ ಇದ್ದರೆ 36 ಇಂಚು) ತುದಿಯ ಮೂರ್ನಾಲ್ಕು ಇಂಚನ್ನು ಬೆರಳಿಂದಲೇ ಮುರಿದು ತೆಗೆಯಿರಿ. ಮೆಂತ್ಯ, ತುಳಸಿ ಕುಡಿ ಚಿವುಟಿದರೆ ಕವಲೊಡೆಯುವ ಹಾಗೆ ಇಲ್ಲಿಯೂ ಪಕ್ಕದ ಕವಲುಗಳು ಬರುತ್ತವೆ. ಮುಂದಿನ ವರ್ಷದ ಹಣ್ಣಿನ ಬಹುಪಾಲು ಬಿಡುವುದು ಆ ಕವಲುಗಳ ಮೇಲೆ. ಚಿವುಟದ ಕಾಂಡ ಎಂಟು ಹತ್ತು ಅಡಿ ಉದ್ದಕ್ಕೆ ಬಾಗಿ ನೆಲದಲ್ಲಿ ಬೇರು ಬಿಡುತ್ತದೆ, ಕವಲು ಕಡಿಮೆ, ಹಣ್ಣೂ ಕಡಿಮೆ.

ಎಲ್ಲ ಕಾಂಡಗಳೂ ಒಂದೇ ದಿನ ಆ ಎತ್ತರಕ್ಕೆ ಬರುವುದಿಲ್ಲ. ಮೇ ಕೊನೆಯಿಂದ ಜುಲೈವರೆಗೆ ವಾರಕ್ಕೊಮ್ಮೆ ಸುತ್ತು ಹಾಕಬೇಕು. ಊರಿಗೆ ರಜೆಗೆ ಹೋಗುವವರಿಗೆ ಇದೇ ತೊಡಕು: ಬಂದು ನೋಡುವ ಹೊತ್ತಿಗೆ ಕಾಂಡ ಐದಡಿ ಆಗಿರುತ್ತದೆ. ಆಗ ಮೂರಡಿಗೆ ಇಳಿಸಲು ದಪ್ಪ ಕಾಂಡ ಕತ್ತರಿಸಿದರೆ ಆ ಗಾಯದಲ್ಲಿ ಕೊಳೆರೋಗ ಸೇರುತ್ತದೆ, ಕವಲು ಕೂಡ ಸೊರಗಿ ಬರುತ್ತದೆ. ಹೋಗುವ ಮೊದಲೇ ತುಸು ಗಿಡ್ಡದಲ್ಲಿ ಚಿವುಟಿ, ಇಲ್ಲವೇ ನೆರೆಯವರಿಗೆ ತೋರಿಸಿಕೊಟ್ಟು ಹೋಗಿ. ಮುಂದಿನ ಎರಡು ಮೂರು ದಿನ ಮಳೆ ಇಲ್ಲದ ದಿನವನ್ನೇ ಆರಿಸಿ, ಗಾಯ ಒಣಗಲಿ.

ಎರಡನೆಯದು ಕೊಯ್ಲು ಮುಗಿದ ಕೂಡಲೇ. ಹಣ್ಣು ಕೊಟ್ಟ ಹಳೆ ಕಾಂಡಗಳನ್ನೆಲ್ಲ ನೆಲಮಟ್ಟಕ್ಕೆ ಕತ್ತರಿಸಿ ಹಿತ್ತಲಿಂದ ಆಚೆ ಹಾಕಿ. ಹೊಸದಕ್ಕೆ ಗಾಳಿ ಬೆಳಕು ಸಿಗುತ್ತದೆ, ರೋಗದ ಬೀಜಾಣುಗಳೂ ಹೋಗುತ್ತವೆ.

ಮೂರನೆಯದು ಮಾರ್ಚ್‌ನಲ್ಲಿ, ಮೊಗ್ಗು ಬಿಚ್ಚುವ ಮೊದಲು. ಬುಡಕ್ಕೆ ಐದಾರು ದಪ್ಪ ಕಾಂಡ ಉಳಿಸಿ, ಪೆನ್ಸಿಲ್‌ಗಿಂತ ತೆಳ್ಳಗಿನವನ್ನೂ ಗಾಯವಾದವನ್ನೂ ತೆಗೆಯಿರಿ. ಉಳಿದ ಕಾಂಡಗಳ ಪಕ್ಕದ ಕವಲುಗಳನ್ನು 8ರಿಂದ 12 ಇಂಚಿಗೆ ಮೊಟಕು ಮಾಡಿ. ಕೈ ಬರುವುದಿಲ್ಲ, ಅಷ್ಟೊಂದು ಕತ್ತರಿಸಬೇಕೇ ಎನಿಸುತ್ತದೆ. ಆದರೆ ಉದ್ದ ಬಿಟ್ಟ ಕವಲಿನಲ್ಲಿ ಹಣ್ಣು ಸಣ್ಣ, ಒಣಕಲು, ಭಾರಕ್ಕೆ ಕವಲೇ ಮುರಿಯುತ್ತದೆ. ದಪ್ಪ ಚರ್ಮದ ಕೈಗವಸು, ಉದ್ದ ತೋಳಿನ ಅಂಗಿ ಹಾಕಿಕೊಂಡೇ ಈ ಕೆಲಸ ಮಾಡಿ.

ಆಸರೆಗೆ ದೊಡ್ಡ ಚಪ್ಪರ ಬೇಕಿಲ್ಲ. ಸಾಲಿನ ಎರಡು ತುದಿಗೆ ಗೂಟ ನೆಟ್ಟು ಮೂರಡಿ ಎತ್ತರದಲ್ಲಿ ಒಂದು ತಂತಿ ಎಳೆದು ಕಾಂಡಗಳನ್ನು ಸಡಿಲವಾಗಿ ಕಟ್ಟಿದರೆ ಸಾಕು.

ಏನೇನು ಕೆಡುತ್ತದೆ

ವಸಂತದಲ್ಲಿ ಒಂದು ಬುಡದಿಂದ ಸೊರಗಿದ ತೆಳ್ಳನೆ ಚಿಗುರು ಬಂದು, ಎಲೆಯ ಅಡಿಯಲ್ಲಿ ಉಜ್ವಲ ಕಿತ್ತಳೆ ಬಣ್ಣದ ಪುಡಿ ಕಂಡರೆ ಅದು ಕಿತ್ತಳೆ ತುಕ್ಕು ರೋಗ. ಬೇರಿನವರೆಗೂ ಇಳಿದಿರುತ್ತದೆ, ಎಲೆ ಕಿತ್ತರೆ ಪ್ರಯೋಜನವಿಲ್ಲ. ಪುಡಿ ಹಾರುವ ಮೊದಲೇ ಗಿಡವನ್ನು ಬೇರು ಸಮೇತ ಕಿತ್ತು ಚೀಲಕ್ಕೆ ಕಟ್ಟಿ ಎಸೆಯಿರಿ. ಅಕ್ಕಪಕ್ಕದ ಕಾಡು ಬ್ಲ್ಯಾಕ್‌ಬೆರಿಯಲ್ಲೂ ಇದೆಯೇ ನೋಡಿ. ಒಂದು ಗಿಡದ ಮೇಲಿನ ಮೋಹಕ್ಕೆ ಇಡೀ ಸಾಲು ಕಳೆದುಕೊಳ್ಳಬೇಡಿ.

ಕಾಂಡದ ಮೇಲೆ ನೇರಳೆ ಅಂಚಿನ, ನಡುವೆ ಬೂದುಬಣ್ಣದ, ತಗ್ಗಾದ ಮಚ್ಚೆಗಳು ಆಂಥ್ರಾಕ್ನೋಸ್‌ನ ಗುರುತು. ಗಾಳಿಯಾಡುವಂತೆ ಸವರಿದರೆ ಅರ್ಧ ಹತೋಟಿ. ಹಿಂದಿನ ವರ್ಷ ಜೋರಾಗಿ ಬಂದಿದ್ದರೆ ಮೊಗ್ಗಿನಲ್ಲಿ ಕಾಲು ಇಂಚಿನಿಂದ ಅರ್ಧ ಇಂಚು ಹಸಿರು ಕಂಡಾಗ ಲೈಮ್ ಸಲ್ಫರ್ (ಸುಣ್ಣ-ಗಂಧಕದ ದ್ರಾವಣ) ಹೊಡೆಯುತ್ತಾರೆ. ತಡ ಮಾಡಿದರೆ ಎಲೆ ಸುಡುತ್ತದೆ. ಪ್ರಮಾಣ, ಮನೆತೋಟಕ್ಕೆ ಅನುಮತಿ ಇದೆಯೇ ಎಂಬುದು ಲೇಬಲ್ ಮೇಲಿರುತ್ತದೆ, ಅದನ್ನೇ ಪಾಲಿಸಿ.

ಹೊಸ ಕಾಂಡದ ತುದಿ ಜೂನ್‌ನಲ್ಲಿ ಇದ್ದಕ್ಕಿದ್ದಂತೆ ಜೋತುಬಿದ್ದು, ಕೆಳಗೆ ಅರ್ಧ ಇಂಚು ಅಂತರದಲ್ಲಿ ಎರಡು ಉಂಗುರದಂಥ ಗೀರು ಇದ್ದರೆ ಅದು ಕಾಂಡಕೊರಕ ದುಂಬಿಯ ಕೆಲಸ. ಕೆಳಗಿನ ಉಂಗುರದಿಂದ ಒಂದೆರಡು ಇಂಚು ಕೆಳಗೆ ಕತ್ತರಿಸಿ ನಾಶಮಾಡಿದರೆ ಮುಗಿಯಿತು.

ಚುಕ್ಕೆರೆಕ್ಕೆಯ ಹಣ್ಣುನೊಣ 2008ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಂಡ ಮೇಲೆ ಪೂರ್ವಕ್ಕೂ ಹಬ್ಬಿತು. ಬೇರೆ ಹಣ್ಣುನೊಣ ಕೊಳೆತ ಹಣ್ಣಿಗೆ ಮುತ್ತಿದರೆ ಇದು ಮಾಗುತ್ತಿರುವ ಗಟ್ಟಿ ಹಣ್ಣಿನಲ್ಲೇ ಮೊಟ್ಟೆ ಇಡುತ್ತದೆ. ನೊಣದ ಸಂಖ್ಯೆ ಏರುವ ಮೊದಲೇ ಹಣ್ಣಾಗುವುದರಿಂದ ಕಪ್ಪು ರಾಸ್ಪ್‌ಬೆರಿ ಬಹುಮಟ್ಟಿಗೆ ಪಾರಾಗುತ್ತದೆ, ಕೊನೆಯ ಕೊಯ್ಲಿಗೆ ಮಾತ್ರ ಎಚ್ಚರ ಬೇಕು. ಅನುಮಾನವಿದ್ದರೆ ಒಂದು ಕಪ್ ಉಗುರುಬೆಚ್ಚನೆ ನೀರಿಗೆ ಒಂದು ದೊಡ್ಡ ಚಮಚ ಉಪ್ಪು ಕರಗಿಸಿ ಕೆಲವು ಹಣ್ಣು ಕಾಲು ಗಂಟೆ ಹಾಕಿಡಿ, ಹುಳುವಿದ್ದರೆ ಹೊರಬರುತ್ತದೆ. ಎರಡು ದಿನಕ್ಕೊಮ್ಮೆ ಬಿಡಿಸಿ, ಬಿದ್ದ ಹಣ್ಣು ನೆಲದಲ್ಲಿ ಬಿಡಬೇಡಿ. ಒಂದು ಮಿಲಿಮೀಟರಿಗಿಂತ ಸಣ್ಣ ಕಣ್ಣಿನ ಬಲೆ ಹೊದಿಸಿದರೆ ನೊಣವನ್ನೂ ಹಕ್ಕಿಗಳನ್ನೂ ತಡೆಯಬಹುದು, ಆದರೆ ಕಾಯಿ ಕಟ್ಟಿದ ಮೇಲೆಯೇ ಹೊದಿಸಿ. ಹೂವಿರುವಾಗ ಜೇನುನೊಣ ಒಳಗೆ ಬರಬೇಕು.

ಕೊಯ್ಲು

ಕಪ್ಪಾದದ್ದೆಲ್ಲ ಮಾಗಿದ್ದಲ್ಲ. ಹೊಳಪು ಹೋಗಿ ತುಸು ಮಂಕಾಗಿ, ಮುಟ್ಟಿದರೆ ಸಲೀಸಾಗಿ ಕಳಚಿ ಬರಬೇಕು. ಬೆಳಗ್ಗೆ ಇಬ್ಬನಿ ಆರಿದ ಮೇಲೆ, ಅಗಲ ಬಾಯಿಯ ಡಬ್ಬಿಗೆ ಎರಡು ಮೂರು ಪದರಕ್ಕಿಂತ ಹೆಚ್ಚಿಲ್ಲದಂತೆ ಬಿಡಿಸಿ. ತೊಳೆಯದೆ ಫ್ರಿಜ್‌ನಲ್ಲಿಟ್ಟರೆ ಎರಡು ಮೂರು ದಿನ ತಡೆಯುತ್ತದೆ, ತಿನ್ನುವಾಗ ಮಾತ್ರ ತೊಳೆಯಿರಿ. ಹೆಚ್ಚಾದದ್ದನ್ನು ತಟ್ಟೆಯಲ್ಲಿ ಒಂದೇ ಪದರ ಹರಡಿ ಫ್ರೀಜರ್‌ನಲ್ಲಿ ಗಟ್ಟಿ ಮಾಡಿ ಆಮೇಲೆ ಚೀಲಕ್ಕೆ ತುಂಬಿದರೆ ಮುದ್ದೆಯಾಗುವುದಿಲ್ಲ. ಬೀಜ ಜಾಸ್ತಿ, ಜಾಮ್ ಮಾಡುವಾಗ ಅರ್ಧ ಹಣ್ಣನ್ನಾದರೂ ಜರಡಿಯಲ್ಲಿ ಹಿಂಡಿಕೊಳ್ಳಿ. ಕಲೆ ಬಟ್ಟೆಯಿಂದ ಹೋಗುವುದು ಕಷ್ಟ. ಪೂರ್ಣ ಇಳುವರಿ ಮೂರನೆಯ ಬೇಸಿಗೆಯಿಂದ.

ಹೊಸ ಗಿಡ ಮಾಡುವುದು, ಮತ್ತು ಊರಿಗೆ ಒಯ್ಯಬಹುದೇ

ಆಗಸ್ಟ್ ಕೊನೆಗೆ ಕಾಂಡದ ತುದಿ ಎಲೆ ಸಣ್ಣದಾಗಿ ಇಲಿಬಾಲದಂತೆ ಉದ್ದವಾಗುತ್ತದೆ. ಅದನ್ನು ನೇರ ಕೆಳಮುಖವಾಗಿ ಮೂರ್ನಾಲ್ಕು ಇಂಚು ಮಣ್ಣಿನಲ್ಲಿ ಹೂತರೆ ಕೆಲವೇ ವಾರದಲ್ಲಿ ಬೇರು ಬರುತ್ತದೆ. ಮುಂದಿನ ವಸಂತದಲ್ಲಿ ತಾಯಿಕಾಂಡದಿಂದ ಕತ್ತರಿಸಿ ಬೇರೆ ನೆಡಿ. ಇದಕ್ಕೆಂದೇ ಒಂದೆರಡು ಕಾಂಡವನ್ನು ಚಿವುಟದೆ ಬಿಡಬಹುದು. ಎಲೆಯಲ್ಲಿ ಹಳದಿ ಮಚ್ಚೆ, ಸುರುಟು ಕಂಡ ಗಿಡದಿಂದ ಮರಿ ಮಾಡಬೇಡಿ, ನಂಜು ಮರಿಗೂ ಬರುತ್ತದೆ.

ಈ ಮರಿಗಳನ್ನು ಸೂಟ್‌ಕೇಸಿನಲ್ಲಿಟ್ಟು ಕರ್ನಾಟಕಕ್ಕೆ ಒಯ್ಯುವ ಯೋಚನೆ ಬಿಡಿ. ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ನೆಡುವ ಗಿಡ ತರುವುದಕ್ಕೆ ಭಾರತದ 2003ರ ಸಸ್ಯ ಕ್ವಾರಂಟೈನ್ ಆದೇಶದಲ್ಲಿ ಅವಕಾಶವಿಲ್ಲ. ತಂದರೂ ದೀರ್ಘ ಚಳಿಗಾಲ ಸಿಗದೆ ಬೆಂಗಳೂರು, ಮೈಸೂರಿನಲ್ಲಿ ಇದು ಸರಿಯಾಗಿ ಹೂ ಬಿಡುವುದಿಲ್ಲ. ಅದರ ಅಗತ್ಯವೂ ಇಲ್ಲ. ಪಶ್ಚಿಮ ಘಟ್ಟದ ಎತ್ತರದ ಬೆಟ್ಟಗಳಲ್ಲಿ, ನೀಲಗಿರಿಯಲ್ಲಿ ರೂಬಸ್ ನೀವಿಯಸ್ ತಾನಾಗಿ ಬೆಳೆಯುತ್ತದೆ. ಇಂಗ್ಲಿಷ್‌ನಲ್ಲಿ ಅದರ ಹೆಸರೇ ಮೈಸೂರು ರಾಸ್ಪ್‌ಬೆರಿ. ಬಿಳಿಪುಡಿಯ ಕಾಂಡ, ಕೊಕ್ಕೆಮುಳ್ಳು, ಕಿತ್ತರೆ ಟೊಳ್ಳಾಗಿ ಬರುವ ಕಪ್ಪು ಹಣ್ಣು ಎಲ್ಲ ಇದರಂತೆಯೇ. ಬೇರೆ ಎನ್ನಲು ಎರಡು ಗುರುತು: ಎಲೆಯಲ್ಲಿ ಐದರಿಂದ ಒಂಬತ್ತು ಕಿರುಎಲೆ, ಹೂ ಗುಲಾಬಿ ಬಣ್ಣ. ಚಳಿ ಕಡಿಮೆ ಇದ್ದರೂ ಹಣ್ಣು ಬಿಡುವುದರಿಂದ ಫ್ಲಾರಿಡಾದ ದಕ್ಷಿಣದಲ್ಲಿ ಹಿತ್ತಲ ಗಿಡವಾಗಿ ಬೆಳೆಯುತ್ತಾರೆ. ಕೊಡಗು, ಚಿಕ್ಕಮಗಳೂರಿನ ತಂಪು ತೋಟಗಳಲ್ಲಿ ಬೇಲಿಯಂಚಿಗೆ ಇದನ್ನೇ ಹಾಕಿ. ಇಲ್ಲಿಯೂ ಹಣ್ಣು ಕೊಟ್ಟ ಹಳೆ ಕಾಂಡ ತೆಗೆಯುವುದು, ಹೊಸದರ ಕುಡಿ ಚಿವುಟುವುದು ತಪ್ಪದು. ಹವಾಯಿಯಲ್ಲಿರುವವರು ಮಾತ್ರ ನೆಡಬಾರದು: ಅಲ್ಲಿ ಅದು ಹಾನಿಕಾರಕ ಕಳೆಗಳ ಪಟ್ಟಿಯಲ್ಲಿದೆ.